ಬಾಯಿಗೆ ನೀರು ಬಿಟ್ಟವನು

“ಭುಜ ಸ್ವಲ್ಪ ಎತ್ಕೊಳ್ಳಿ, ನಾನು ಈ ಕಡೆಯಿಂದ ತೋಳು ಎಳೀತೀನಿ” ಎಂದ ವಿನಯ.

ಕೆಲ್ವಿನ್ ಎತ್ತಿಕೊಂಡ. ನಾಗಲಿಂಗಪ್ಪನ ಭುಜ ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಬಿಳಿ ಅಂಗಿಯ ತೋಳು ಮೊಣಕೈವರೆಗೆ ಬಂದು ಅಲ್ಲೇ ಹಟ ಹಿಡಿದು ಕೂತಿತ್ತು. ಫ್ಯೂನರಲ್ ಹೋಮಿನವರು ಬೆಳಿಗ್ಗೆಯೇ ಹೇಳಿದ್ದರು, ಅಂಗಿಯನ್ನು ಬೆನ್ನಿನ ಕಡೆ ಉದ್ದಕ್ಕೆ ಕತ್ತರಿಸಿಬಿಟ್ಟರೆ ಎರಡು ನಿಮಿಷದ ಕೆಲಸ, ಎಲ್ಲರೂ ಹಾಗೇ ಮಾಡುತ್ತಾರೆ, ಮುಂದಿನಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ ಎಂದು. ನಾಗಲಿಂಗಪ್ಪನ ತಾಯಿ ನಿಂಗವ್ವ ಒಪ್ಪಲಿಲ್ಲ. ಹರಕು ಅಂಗಿ ತೊಡಿಸಿ ಮಗನನ್ನು ಕಳಿಸುವುದಿಲ್ಲ ಎಂದುಬಿಟ್ಟಳು. ಎಂಬತ್ಮೂರು ವರ್ಷದ ಮುದುಕಿಯ ಎದುರು ಅಮೆರಿಕದ ಊರಾದ ಬಾಥೆಲ್‌ನ ಯಾವ ಪದ್ಧತಿಯೂ ನಡೆಯಲಿಲ್ಲ. ಹೀಗಾಗಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಮತ್ತು ಒಬ್ಬ ಔಷಧ ಕಂಪನಿಯ ಮ್ಯಾನೇಜರ್ ಅರ್ಧ ಗಂಟೆಯಿಂದ ಒಂದು ಅಂಗಿಯ ಜೊತೆ ಗುದ್ದಾಡುತ್ತಿದ್ದರು.

ವಿನಯ ಹಿರೇಮಠನಿಗೂ ಇದು ಹೊಸತು. ಓವರ್‌ಲೇಕ್‌ನ ಕಂಪನಿಯೊಂದರಲ್ಲಿ ಕೋಡ್ ಬರೆಯುವ ಅವನು ಜಂಗಮರ ಮನೆತನದವನು ಎಂಬ ಒಂದೇ ಕಾರಣಕ್ಕೆ ಇವತ್ತು ರಜೆ ಹಾಕಿ ಅಯ್ಯನವರಾಗಿದ್ದ. ರೋಣದಿಂದ ಅವನ ಅಪ್ಪ ವಾಟ್ಸ್‌ಆ್ಯಪ್‌ನಲ್ಲಿ ಒಂದೊಂದೇ ಕ್ರಮ ಹೇಳಿ ಕಳಿಸುತ್ತಿದ್ದರು. ಪೊಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಂದಿರುಗಿಸಿದ್ದ ಇಷ್ಟಲಿಂಗವನ್ನು ಅವನು ತೊಳೆದು ಪಕ್ಕದ ಮೇಜಿನ ಮೇಲೆ ಇಟ್ಟಿದ್ದ.

“ಇದೇನ್ರೀ ಕೆಲ್ವಿನ್, ಇವರ ಕೈ ಎರಡು ಬಣ್ಣ ಇದೆಯಲ್ಲ!”

ತೋಳಿನ ನಡುವೆ ಸ್ಕೇಲು ಇಟ್ಟು ಎಳೆದಂತೆ ಗೆರೆ. ಕೆಳಗೆಲ್ಲ ಸುಟ್ಟ ಕಪ್ಪು, ಮೇಲೆ ಗೋಧಿ ಬಣ್ಣ. ಹಸ್ತದಲ್ಲಿ ಇನ್ನೂ ವಿಚಿತ್ರ: ಬೆರಳ ತುದಿಗಳು ಕಪ್ಪು, ಅಂಗೈ ಹಿಂಬದಿ ಮಾತ್ರ ಬೆಳ್ಳಗೆ.

“ಸೈಕಲ್ ಜರ್ಸಿದು, ಗ್ಲೌಸ್‌ದು. ಹದಿಮೂರು ವರ್ಷ ಬಿಸಿಲಲ್ಲಿ ತಿರುಗಿದ್ದಲ್ವಾ” ಎಂದ ಕೆಲ್ವಿನ್. “ಚಳಿಗಾಲದಲ್ಲೂ ಹೋಗ್ತಿರ್ಲಿಲ್ಲ ಅದು.”

ಕೊನೆಗೂ ತೋಳು ಒಳಗೆ ಹೋಯಿತು. ಕೆಲ್ವಿನ್ ಗುಂಡಿ ಹಾಕತೊಡಗಿದ. ಗುಂಡಿ, ಜೇಬು, ಕಾಲರು ಎಲ್ಲವನ್ನೂ ನೋಡಿದ, ಮುಖವನ್ನು ಬಿಟ್ಟು.

“ಒಂದು ಮಾತು” ಎಂದ ವಿನಯ, ಫೋನ್ ನೋಡುತ್ತ. “ಅಜ್ಜಿ ಬೆಳಿಗ್ಗೆಯಿಂದ ಒಂದೇ ಕೇಳ್ತಿದಾರೆ. ಹೋಗೋವಾಗ ನನ್ ಮಗನ ಬಾಯಿಗೆ ಯಾರು ನೀರು ಬಿಟ್ರು ಅಂತ. ಕೆಲ್ವಿನ್ ಇದ್ರಲ್ಲ, ಅವರೇ ಬಿಟ್ಟಿರ್ತಾರೆ ಬಿಡಿ ಅಂದೆ. ಸರಿ ತಾನೆ?”

ಕೆಲ್ವಿನ್ ಮೂರನೆಯ ಗುಂಡಿಯನ್ನು ನಾಲ್ಕನೆಯ ತೂತಿಗೆ ಹಾಕಿದ್ದ. ಬಿಚ್ಚಿ ಮತ್ತೆ ಹಾಕಿದ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು, ವಿನಯ ಅತ್ತ ಹೋದ. ಉತ್ತರ ಸಿಕ್ಕಿತೆಂದೇ ಅವನು ತಿಳಿದ.

ನೀರು ಬಿಟ್ಟಿರಲಿಲ್ಲ. ಕೇಳಿದಾಗಲೂ ಕೊಟ್ಟಿರಲಿಲ್ಲ. ಈ ವಿಷಯ ಕೆಲ್ವಿನ್‌ಗೆ ಗೊತ್ತಿತ್ತು, ಅವನ ಹೆಂಡತಿ ಗ್ಲೋರಿಯಾಗೆ ಗೊತ್ತಿತ್ತು. ಮೂರನೆಯವನು ಇಲ್ಲಿ ಮಲಗಿದ್ದ.

*

ಹದಿಮೂರು ವರ್ಷದ ಹಿಂದೆ ಸ್ಟೀವನ್ಸ್ ಪಾಸ್ ಎಂಬ ಘಟ್ಟದ ದಾರಿಯ ಏರಿನಲ್ಲಿ ಸೈಕಲ್ ತುಳಿಯುತ್ತಿದ್ದ ಕೆಲ್ವಿನ್ ಒಬ್ಬ ವಿಚಿತ್ರ ಮನುಷ್ಯನನ್ನು ದಾಟಿ ಹೋಗುವುದರಲ್ಲಿದ್ದ. ಆಗಸ್ಟ್ ತಿಂಗಳ ಬಿಸಿಲು. ಎಲ್ಲರೂ ಮೈಗಂಟಿದ ಜರ್ಸಿಯಲ್ಲಿದ್ದರೆ ಈ ಮನುಷ್ಯ ಆಫೀಸಿನ ಪ್ಯಾಂಟಿನ ಕಾಲಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡು, ಹಳೇ ಸೈಕಲ್ ತುಳಿಯುತ್ತ, ಬೆಟ್ಟಕ್ಕೇ ಬೈಯುತ್ತಿದ್ದ.

“ಎಷ್ಟ ಐತಿ ನಿನ್ನ ಸೊಕ್ಕು, ತೋರಿಸು. ನಾನೂ ನೋಡ್ತೀನಿ.”

ಕನ್ನಡ ಕೇಳಿದ್ದೇ ಕೆಲ್ವಿನ್ ಬ್ರೇಕ್ ಹಾಕಿದ. ಅಷ್ಟು ಕಡಿದಾದ ಏರಿನಲ್ಲಿ ಬ್ರೇಕ್ ಹಾಕುವುದು ಮೂರ್ಖತನ, ಮತ್ತೆ ಹತ್ತಿ ಹೊರಡಲು ಅವನಿಗೆ ನಾಲ್ಕು ಪ್ರಯತ್ನ ಬೇಕಾಯಿತು.

ನಾಗಲಿಂಗಪ್ಪನಿಗೆ ಆಗ ನಲವತ್ತೈದು. ಸಕ್ಕರೆ ಕಾಯಿಲೆ ಶುರುವಾಗಿದೆ, ಏನಾದರೂ ಮಾಡು ಎಂದು ಡಾಕ್ಟರ್ ಹೇಳಿದ್ದರು. ಜಿಮ್ಮಿಗೆ ಹೋಗಲು ನಾಚಿಕೆ ಎಂದು ಸೈಕಲ್ ಕೊಂಡಿದ್ದ. ಅವನು ಹುಟ್ಟಿದ್ದು ರೋಣದ ಕಡೆಯ ಎರೆಹೊಲದ ಬಯಲಿನಲ್ಲಿ. ಆ ಊರಿನಲ್ಲಿ ಎತ್ತರದ ಜಾಗ ಎಂದರೆ ನೀರಿನ ಟಾಕಿ. ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ಕಟ್ಟಡಗಳಲ್ಲಿ ಲಿಫ್ಟುಗಳನ್ನು ಪರೀಕ್ಷೆ ಮಾಡುವುದು ಅವನ ಕೆಲಸ. ಇಪ್ಪತ್ತು ವರ್ಷದಲ್ಲಿ ಒಂದು ಪ್ರಮೋಷನ್, ಅದೂ ಮೇಲಿನವನು ಬಿಟ್ಟು ಹೋದದ್ದರಿಂದ. ಅವನನ್ನು ಬೈದವರೂ ಇಲ್ಲ, ಹೊಗಳಿದವರೂ ಇಲ್ಲ. ಅವನು ನೋಡಿಕೊಳ್ಳುವ ಲಿಫ್ಟಿನಲ್ಲಿ ಯಾರೂ ಸಿಕ್ಕಿಕೊಂಡಿರಲಿಲ್ಲ, ಹಾಗಾಗಿ ಅವನ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

“ವಾರೆಲ್ಲ ಗುಂಡಿ ಒತ್ತಿ ಮ್ಯಾಲ ಹೋಗ್ತೀನಪಾ” ಎಂದಿದ್ದ ಅವತ್ತು. “ಶನಿವಾರ ಒಂದಿನ ನನ್ನ ಕಾಲಿಲೆ ಹೋಗೂಣು ಅಂತ.”

ಪಾಸಿನ ತುದಿಯಲ್ಲಿ ಉಳಿದವರು ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾಗಲಿಂಗಪ್ಪ ಕಲ್ಲಿನ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ. ಅರ್ಧ ಮುರಿದು ಕೆಲ್ವಿನ್‌ಗೆ ಕೊಟ್ಟ. ಆಮೇಲೆ ಮನೆಗೆ ಫೋನ್ ಮಾಡಿದ.

“ಅವ್ವಾ, ಮ್ಯಾಲ ಬಂದೆ ನೋಡು.”

ಫೋನು ಸ್ಪೀಕರಿನಲ್ಲಿತ್ತು. “ಏನೈತಿ ಅಲ್ಲಿ?” ಎಂದಿತು ಮುದಿ ದನಿ.

“ಏನಿಲ್ಲ. ಗಾಳಿ ಐತಿ.”

“ಗಾಳಿ ಇಲ್ಲೂ ಐತಿ. ಇಳದ ಬಾ.”

ಅವತ್ತಿನಿಂದ ಎಷ್ಟು ಪಾಸುಗಳನ್ನು ಹತ್ತಿದರೋ, ಫೋನು ಸಿಗುವಲ್ಲೆಲ್ಲ ಇದೇ ಸಂಭಾಷಣೆ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಮಂಗಳೂರಿನ ಕೆಲ್ವಿನ್‌ನ ಕನ್ನಡಕ್ಕೂ ನಾಗಲಿಂಗಪ್ಪನ ಕನ್ನಡಕ್ಕೂ ಒಂದು ಘಟ್ಟದಷ್ಟು ಅಂತರ. ಆದರೂ ಏರಿನಲ್ಲಿ ಉಸಿರು ಕಟ್ಟಿದಾಗ ಬೈಯಲು ಇಬ್ಬರಿಗೂ ಅದೇ ಬೇಕಾಗುತ್ತಿತ್ತು. ಕೆಲ್ವಿನ್ ಅವನನ್ನು ನಾಗಣ್ಣ ಎನ್ನುತ್ತಿದ್ದ. ನಾಗಣ್ಣ ಯಾವಾಗಲೂ ಹಿಂದೆ. ಕೆಲ್ವಿನ್ ತುದಿ ಮುಟ್ಟಿ, ಜಾಕೆಟ್ ಹಾಕಿಕೊಂಡು, ನಡುಗುತ್ತ ಕಾಯುವಾಗ ಕೆಳಗಿನ ತಿರುವಿನಲ್ಲಿ ಆ ಹಳದಿ ಹೆಲ್ಮೆಟ್ಟು ಕಾಣುತ್ತಿತ್ತು.

ನಾಗಲಿಂಗಪ್ಪನ ಹೆಂಡತಿ ಪೂರ್ಣಿಮಾಗೆ ಈ ಹುಚ್ಚು ಅರ್ಥವಾಗಿರಲಿಲ್ಲ. ಒಮ್ಮೆ ಹಟ ಮಾಡಿ ಕಾರಿನಲ್ಲಿ ಚಿನೂಕ್ ಪಾಸಿಗೆ ಹೋಗಿದ್ದಳು. ತಿರುವುಗಳಲ್ಲಿ ವಾಂತಿಯಾಗಿ, ತುದಿಯಲ್ಲಿ ಕಣ್ಣೇ ತೆರೆಯದೆ ಸೀಟಿಗೆ ಒರಗಿದ್ದಳಂತೆ. “ಅಷ್ಟ ಚಂದದ ಜಾಗ, ಅಕಿ ಪ್ಲಾಸ್ಟಿಕ್ ಚೀಲದಾಗ ಮುಖ ಇಟ್ಟಳು” ಎಂದು ನಾಗಲಿಂಗಪ್ಪ ಹೇಳಿ ಹೇಳಿ ನಗುತ್ತಿದ್ದ. ಆಮೇಲೆ ಅವಳು ಕೇಳಲಿಲ್ಲ. ಶನಿವಾರ ನಸುಕಿನಲ್ಲೆದ್ದು ರೊಟ್ಟಿ ಮಾತ್ರ ಬಡಿದು ಕೊಡುತ್ತಿದ್ದಳು.

*

ಫ್ಯೂನರಲ್ ಹೋಮಿನ ಹಾಲಿನಲ್ಲಿ ಅರವತ್ತು ಕುರ್ಚಿ ಹಾಕಿದ್ದರು, ಜನ ನಿಂತುಕೊಳ್ಳುವಷ್ಟು ಬಂದಿದ್ದರು. ಗೋಡೆಯ ಬದಿಗೆ ಸೈಕಲ್ ಬಳಗದ ಹತ್ತು ಹನ್ನೆರಡು ಅಮೆರಿಕನ್ನರು ಬೂಟು ಬಿಚ್ಚಿ, ಕಾಲುಚೀಲದಲ್ಲಿ ನಿಂತಿದ್ದರು. ಬೂಟು ಬಿಚ್ಚಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಿಂಗವ್ವ ಗಾಲಿಕುರ್ಚಿಯಲ್ಲಿ ಪೆಟ್ಟಿಗೆಯ ಪಕ್ಕಕ್ಕೇ ಕೂತಿದ್ದಳು. ಅತ್ತು ಮುಗಿದಿತ್ತೋ ಇನ್ನೂ ಶುರುವಾಗಿರಲಿಲ್ಲವೋ ಹೇಳುವಂತಿರಲಿಲ್ಲ.

ಕನ್ನಡ ಸಂಘದ ಹಳೇ ಅಧ್ಯಕ್ಷ ದ್ವಾರಕಾನಾಥರು ಬಗ್ಗಿ, “ಅಮ್ಮ, ನಿಮ್ಮಲ್ಲಿ ಕೂರಿಸಿ ಮಣ್ಣು ಮಾಡೋ ಪದ್ಧತಿ ಅಂತ ಗೊತ್ತು. ತುಂಬಾ ಕೇಳ್ಕೊಂಡ್ವಿ. ಇಲ್ಲಿ ಪರ್ಮಿಷನ್ ಕೊಡಲ್ಲ ಅಂತಾರೆ” ಎಂದರು.

ನಿಂಗವ್ವ ಮಗನ ಮುಖ ನೋಡಿದಳು. “ದಣದಾನ. ಮಲಗ್ಲಿ ಬಿಡ್ರಿ” ಎಂದಳು.

ದ್ವಾರಕಾನಾಥರು ಮೈಕಿನ ಕಡೆ ನಡೆದರು.

ಕೆಲ್ವಿನ್ ಹೂವಿಟ್ಟು ಬೇಗ ಸರಿದುಬಿಡೋಣ ಎಂದುಕೊಂಡಿದ್ದ. ಆದರೆ ನಿಂಗವ್ವ ಅವನ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು.

“ನೀ ಇದ್ದೆಲ್ಲಪಾ ಅಲ್ಲೆ. ಬಾಯಾಗ ನೀರ ಬಿಟ್ಟಿ, ಹೌದಲ್ಲೋ?”

“ಅವ್ವಾ, ನಾನು…”

“ಬಿಟ್ಟಾರ್ರೀ ಅತ್ತಿ” ಎಂದಳು ಪೂರ್ಣಿಮಾ, ಹಿಂದಿನಿಂದ. ಐದು ದಿನದಿಂದ ಒಂದೇ ಪ್ರಶ್ನೆ ಕೇಳಿ ಅವಳಿಗೂ ಸಾಕಾಗಿತ್ತು. “ಸೈಕಲ್‌ಗೆ ಎರಡೆರಡು ಬಾಟ್ಲಿ ಇರ್ತಾವ. ಬಿಡದ ಇರ್ತಾರೇನ್ರಿ? ಅವರೇನ್ ಹೊರಗಿನವರಾ?”

ನಿಂಗವ್ವನ ಕಣ್ಣು ಈಗ ತುಂಬಿಕೊಂಡವು. “ಇವನ ಅಪ್ಪ ಬಸ್ ಸ್ಟ್ಯಾಂಡಿನಾಗ ಹ್ವಾದ” ಎಂದಳು ಕೆಲ್ವಿನ್‌ಗೆ. “ಗದಗ ಬಸ್ ಸ್ಟ್ಯಾಂಡು. ಸುತ್ತ ನಿಂತ ನೋಡಿದ್ರಪಾ ಮಂದಿ. ಒಬ್ಬನರ ಒಂದ ಹನಿ ನೀರ ಬಿಡಲಿಲ್ಲ. ನಲವತ್ತ ವರ್ಷ ಆತು. ನಾ ತಂಬಿಗಿ ಎತ್ತಿದಾಗೊಮ್ಮೆ ಅದ ನೆನಪ ಆಕ್ಕೈತಿ. ಮಗನ ಬಾಯಾಗರ ಬಿತ್ತಲ್ಲ, ಸಾಕು. ನಿನ್ನ ಹೊಟ್ಟಿ ತಣ್ಣಗಿರ್ಲಿ.”

ಅವನ ಗಲ್ಲದ ಎರಡೂ ಬದಿಗೆ ಕೈ ಸವರಿ, ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಆ ಸದ್ದಿಗೆ ಕೆಲ್ವಿನ್ ಬೆಚ್ಚಿದ.

ನಾಗಲಿಂಗಪ್ಪನ ಮಗಳು ನಿಸರ್ಗ, ಕಾಲೇಜಿನಲ್ಲಿ ಕೊನೆಯ ವರ್ಷ ಓದುವವಳು, ಅಪ್ಪನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಓದಿದಳು. ಅಪ್ಪ ಎಂದೂ ಅವಸರ ಮಾಡಿದವನಲ್ಲ, ತನಗೆ ಕಾರು ಕಲಿಸುವಾಗಲೂ ಒಂದು ಸಲವೂ ರೇಗಲಿಲ್ಲ ಎಂದಳು. ಆಮೇಲೆ ದ್ವಾರಕಾನಾಥರು ಮಾತಾಡಿದರು. ಮೈಕು ಕೈಗೆ ಬಂದರೆ ಅವರ ಮಾತಿಗೆ ಒಗ್ಗರಣೆ ಬೀಳುವುದು ಮಾಮೂಲು.

“ನಾಗಲಿಂಗಪ್ಪನವರು ಒಬ್ಬರೇ ಹೋಗ್ಲಿಲ್ಲ. ಆ ಹಿಮದ ನಡುವೆ, ಯಾರೂ ಇಲ್ಲದ ಜಾಗದಲ್ಲಿ, ಸ್ನೇಹಿತನ ತೊಡೆ ಮೇಲೆ ತಲೆ ಇಟ್ಟು, ಸ್ನೇಹಿತನ ಕೈಯಿಂದ ಕೊನೇ ಗುಟುಕು ನೀರು ಕುಡಿದು ಹೋದ್ರು. ಎಷ್ಟು ಜನಕ್ಕೆ ಸಿಗುತ್ತೆ ಹೇಳಿ ಅಂಥ ಭಾಗ್ಯ?”

ಜನರೆಲ್ಲ ಕೆಲ್ವಿನ್ ಕಡೆ ತಿರುಗಿದರು. ಒಬ್ಬರು ಭುಜ ತಟ್ಟಿದರು. ಅವನು ಹೊರಗೆ ಹೋದ.

ಪಾರ್ಕಿಂಗಿನಲ್ಲಿ ಗ್ಲೋರಿಯಾ ಹಿಂದೆಯೇ ಬಂದಳು. ಸಣ್ಣ ಮಳೆ ಬೀಳುತ್ತಿತ್ತು, ಕೊಡೆ ಬಿಡಿಸುವಷ್ಟೂ ಅಲ್ಲ. ಅವಳು ಕೊಂಕಣಿಯಲ್ಲಿ, ದನಿ ತಗ್ಗಿಸಿ ಮಾತಾಡಿದಳು.

“ಈಗ ಬಾಯಿ ಬಿಡಬೇಡಿ. ನೀವು ಹೇಳಲಿಲ್ಲ, ಅವರಾಗಿಯೇ ಅಂದುಕೊಂಡರು. ಆ ಮುದುಕಿ ಸಮಾಧಾನವಾಗಿದ್ದಾಳೆ. ಅದನ್ನು ಕಿತ್ತುಕೊಂಡು ನಿಮಗೇನು ಸಿಗಬೇಕು?”

“ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು, ಗ್ಲೋರಿಯಾ.”

“ಪಾಪ ಅನಿಸಿದರೆ ಶನಿವಾರ ಇಗರ್ಜಿಗೆ ಹೋಗಿ ಪಾದ್ರಿಗೆ ಹೇಳಿ. ಇವರಿಗಲ್ಲ. ಡಾಕ್ಟರ್ ವರದಿಯಲ್ಲಿ ಏನಿದೆ? ಗುಲ್ಮ ಒಡೆದು ಹೊಟ್ಟೆಯೊಳಗೆಲ್ಲ ರಕ್ತ. ನೀರು ಕೊಟ್ಟಿದ್ದರೂ ಸಾಯುತ್ತಿದ್ದರು.”

“ಅದೇ ಹೇಳ್ತಿದ್ದೇನೆ. ಕೊಟ್ಟಿದ್ದರೂ ಸಾಯುತ್ತಿದ್ದರು. ಹಾಗಾದರೆ ಕೊಡಬಹುದಿತ್ತಲ್ಲ.”

ಗ್ಲೋರಿಯಾ ಕರ್ಚೀಫಿನಿಂದ ಅವನ ಕನ್ನಡಕ ಒರೆಸಿ ಮತ್ತೆ ಮೂಗಿನ ಮೇಲೆ ಇಟ್ಟಳು.

*

ಮೇ ತಿಂಗಳ ಮೊದಲ ವಾರ ಉತ್ತರದ ಕ್ಯಾಸ್ಕೇಡ್ ಬೆಟ್ಟಗಳ ಹೆದ್ದಾರಿ ಇನ್ನೂ ಮುಚ್ಚಿರುತ್ತದೆ. ಚಳಿಗಾಲವೆಲ್ಲ ಹಿಮದಡಿ ಹೂತ ರಸ್ತೆಯನ್ನು ಯಂತ್ರಗಳು ಬಿಡಿಸುತ್ತಿರುತ್ತವೆ. ಶನಿವಾರ ಯಂತ್ರಗಳಿಗೆ ರಜೆ. ಕಾರುಗಳಿಗೆ ಗೇಟು ಇನ್ನೂ ತೆರೆಯದ ಆ ಒಂದೆರಡು ವಾರ ರಸ್ತೆ ಸೈಕಲಿನವರದು. ನಾಗಲಿಂಗಪ್ಪ ವರ್ಷವಿಡೀ ಕಾಯುತ್ತಿದ್ದದ್ದು ಇದಕ್ಕೆ. ಎರಡೂ ಬದಿಗೆ ಆಳೆತ್ತರದ ಹಿಮದ ಗೋಡೆ, ನಡುವೆ ಒದ್ದೆ ಡಾಂಬರು, ಒಂದೂ ವಾಹನವಿಲ್ಲ.

ಕಳೆದ ಶನಿವಾರವೂ ಇಬ್ಬರು ವಾಷಿಂಗ್ಟನ್ ಪಾಸಿನ ತುದಿಯಲ್ಲಿ ರೊಟ್ಟಿ ತಿಂದರು. ಫೋನಿಗೆ ಸಿಗ್ನಲ್ ಇರಲಿಲ್ಲ.

“ಇವತ್ತ ಅವ್ವನ ಕಡೆ ಬೈಸ್ಕೋಳೂದು ತಪ್ಪಿತು” ಎಂದ ನಾಗಲಿಂಗಪ್ಪ, ಹೆಲ್ಮೆಟ್ ಬಿಗಿದುಕೊಳ್ಳುತ್ತ.

“ಹೋಗ್ತಾ ಕೆಳಗೆ ಸಿಗ್ನಲ್ ಸಿಕ್ಕಿದ ಕೂಡ್ಲೆ ಬೈಸ್ಕೊಳ್ಳಿ ಮಾರಾಯ್ರೆ.”

ಇಳಿಯುವಾಗ ಕೆಲ್ವಿನ್ ಮುಂದಿದ್ದ. ಒಂದು ನೆರಳಿನ ತಿರುವಿನಲ್ಲಿ ಹಿಮ ಕರಗಿ ಹರಿದ ನೀರು ರಸ್ತೆಯ ಮೇಲೆ ಮತ್ತೆ ಗಾಜಿನಂತೆ ಹೆಪ್ಪುಗಟ್ಟಿತ್ತು. ಅವನ ಚಕ್ರ ಜಾರಿತು, ಹೇಗೋ ಸಾವರಿಸಿಕೊಂಡ. ಕೂಗಿ ಎಚ್ಚರಿಸುವಷ್ಟರಲ್ಲಿ ಹಿಂದೆ ಸದ್ದಾಯಿತು. ದೊಡ್ಡ ಸದ್ದೇನಲ್ಲ. ನಾಗಲಿಂಗಪ್ಪ ರಕ್ಷಣಾ ಬೇಲಿಯ ಕಂಬಕ್ಕೆ ಹೊಟ್ಟೆ ಬಡಿದು ಬಿದ್ದಿದ್ದ.

ರಕ್ತವಿರಲಿಲ್ಲ, ಮಾತಾಡುತ್ತಿದ್ದ. ದಾರಿಯಲ್ಲಿ ಬಂದ ಒಬ್ಬ ಸವಾರ ಸಹಾಯ ಕರೆಯಲೆಂದು ಗೇಟಿನತ್ತ ಇಳಿದ. ಮೂವತ್ತು ಮೈಲಿ. ಕೆಲ್ವಿನ್ ಜಾಕೆಟ್ ಹೊದಿಸಿದ, ಕಾಲು ಮಡಿಸಿ ಮಲಗಿಸಿದ, ನಾಡಿ ಹಿಡಿದು ಗಡಿಯಾರ ನೋಡಿದ. ಎರಡು ದಿನದ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಅವನು ಎಲ್ಲರಿಗಿಂತ ಮುಂದಿದ್ದವನು. ಔಷಧ ಕಂಪನಿಯಲ್ಲಿ ಅವನ ಉದ್ಯೋಗವೇ ನಿಯಮ ಬರೆಯುವುದು: ಯಾವ ಸೀಸೆಯನ್ನು ಯಾರು, ಯಾವಾಗ, ಹೇಗೆ ತೆರೆಯಬೇಕು. ಹದಿನೇಳು ವರ್ಷದಲ್ಲಿ ಒಂದು ಸಾಲೂ ಮೀರಿದವನಲ್ಲ. ಹೊಟ್ಟೆಗೆ ಏಟು ಬಿದ್ದವರಿಗೆ ಬಾಯಿಯಿಂದ ಏನೂ ಕೊಡಬಾರದು ಎಂದು ತರಬೇತಿಯ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿತ್ತು.

“ನೀರ ಕೊಡಪಾ” ಎಂದ ನಾಗಲಿಂಗಪ್ಪ.

“ಈಗ ಬೇಡ ನಾಗಣ್ಣ. ಆಪರೇಷನ್ ಮಾಡ್ಬೇಕಾದ್ರೆ ತೊಂದ್ರೆ ಆಗ್ತದೆ. ಸ್ವಲ್ಪ ತಡ್ಕೊಳ್ಳಿ.”

“ಆತು. ನೀ ಹೇಳಿದಂಗ.” ಅವನೂ ನಿಯಮದವನೇ. ಇಷ್ಟು ಜನ ಎಂದರೆ ಇಷ್ಟೇ ಜನ ಹತ್ತಬೇಕು ಎಂದು ಲಿಫ್ಟಿನ ಬಾಗಿಲಲ್ಲಿ ನಿಂತು ಪ್ರೊಫೆಸರರನ್ನು ಕೆಳಗಿಳಿಸಿದ್ದವನು.

ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದ. “ಒಂದ ಗುಟುಕು, ಕೆಲ್ವಿನಾ.” ತುಟಿ ಬಿಳಿಚಿಕೊಂಡಿತ್ತು. ಕೆಲ್ವಿನ್ ಬೇಡ ಎಂದ. ಈ ಸಲ ನಾಗಲಿಂಗಪ್ಪ ಆತು ಎನ್ನಲಿಲ್ಲ, ಕಣ್ಣು ಮುಚ್ಚಿಕೊಂಡ. ಸುತ್ತ ಎಲ್ಲ ಕಡೆ ನೀರಿನ ಸದ್ದಿತ್ತು. ಗೋಡೆಯಿಂದ ತೊಟ್ಟಿಕ್ಕುವುದು, ಚರಂಡಿಯಲ್ಲಿ ಹರಿಯುವುದು, ಕೆಳಗೆಲ್ಲೋ ಕಣಿವೆಗೆ ಬೀಳುವುದು. ಇಡೀ ಬೆಟ್ಟ ಕರಗಿ ಹರಿಯುತ್ತಿತ್ತು. ಕೆಲ್ವಿನ್‌ಗೆ ಆ ಸದ್ದು ನಿಲ್ಲಿಸುವಂತಿದ್ದರೆ ಎನಿಸಿತು.

ಮೂರನೆಯ ಸಲ ಕೇಳಿದ್ದು ಕೆಲ್ವಿನ್‌ನನ್ನಲ್ಲ. “ಅವ್ವಾ, ನೀರ” ಎಂದ. ಆಗ ಕೆಲ್ವಿನ್ ಎದ್ದು ಸೈಕಲಿನವರೆಗೆ ಹೋದ, ಬಾಟಲಿಗೆ ಕೈ ಹಾಕಿದ, ಕೈ ಹಿಂದಕ್ಕೆ ತೆಗೆದ. ಇನ್ನೇನು ಬಂದುಬಿಡುತ್ತಾರೆ, ಇಷ್ಟು ಹೊತ್ತು ಕಾದದ್ದು ಹಾಳು ಮಾಡುವುದು ಬೇಡ ಎಂದುಕೊಂಡ. ತಿರುಗಿ ಬಂದಾಗ ನಾಗಲಿಂಗಪ್ಪನ ತೆರೆದ ಕಣ್ಣು ಅವನನ್ನು ನೋಡುತ್ತಿರಲಿಲ್ಲ. ಹೆಲಿಕಾಪ್ಟರ್ ಬಂದದ್ದು ಇಪ್ಪತ್ತು ನಿಮಿಷದ ನಂತರ.

*

ಸ್ಮಶಾನದಲ್ಲಿ ಅಗೆದ ಮಣ್ಣಿನ ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲು ಹೊದಿಸಿದ್ದರು, ಬಂದವರಿಗೆ ಮಣ್ಣಿನ ಬಣ್ಣ ಕಾಣಬಾರದು ಎನ್ನುವಂತೆ. ಗುಂಡಿಯ ಮೇಲೆ ಎರಡು ಪಟ್ಟಿಗಳ ಆಧಾರದಲ್ಲಿ ಪೆಟ್ಟಿಗೆ ಕೂತಿತ್ತು. ಒಮ್ಮೆ ಇಳಿಸಿದ ಮೇಲೆ ಹತ್ತಿರ ಬಿಡುವುದಿಲ್ಲ, ಉಳಿದದ್ದು ಯಂತ್ರದ ಕೆಲಸ, ಮಣ್ಣು ಹಾಕುವವರು ಮುಚ್ಚಳದ ಮೇಲೆ ಈಗಲೇ ಹಾಕಬೇಕು ಎಂದು ಬೂದು ಕೋಟಿನ ಮೇಲ್ವಿಚಾರಕಿ ಹೇಳಿದಳು. ವಿನಯ ದೇವಸ್ಥಾನದಿಂದ ತಂದಿದ್ದ ಒಣಗಿದ ಬಿಲ್ವದ ಎಲೆಗಳನ್ನು ಎಲ್ಲರಿಗೂ ಒಂದೊಂದು ಹಂಚಿದ.

“ಮಗಳು ಮೊದಲು ಹಾಕಬಹುದು ಅಂದ್ರು ಅಪ್ಪ” ಎಂದ. “ಬಾ ನಿಸರ್ಗಾ.”

“ನಿಸರ್ಗಾ, ನೀ ಆಮ್ಯಾಲೆ” ಎಂದಳು ನಿಂಗವ್ವ. ಹುಲ್ಲಿನ ಹಾಸಿನ ಮೂಲೆ ಎತ್ತಿಸಿ ತಾನೇ ಬಗ್ಗಿ ಒಂದು ಹಿಡಿ ಒದ್ದೆ ಮಣ್ಣು ತೆಗೆದು ಕೆಲ್ವಿನ್ ಕಡೆ ಚಾಚಿದಳು. “ಮೊದಲ ಇಂವ ಹಾಕ್ಲಿ. ನೀರ ಬಿಟ್ಟ ಕೈಲೆ ಮಣ್ಣೂ ಬೀಳ್ಲಿ.”

ಕೆಲ್ವಿನ್ ಎರಡೂ ಕೈ ಒಡ್ಡಿ ಮಣ್ಣು ಇಸಿದುಕೊಂಡ. ಎರಡು ಹೆಜ್ಜೆ ನಡೆದ. ಗ್ಲೋರಿಯಾ ಅವನನ್ನೇ ನೋಡುತ್ತ ಸಣ್ಣಗೆ ತಲೆಯಾಡಿಸುತ್ತಿದ್ದಳು, ಬೇಡ, ಬೇಡ ಎಂದು. ಹಾಕಿಬಿಟ್ಟರೆ ಮುಗಿಯುತ್ತಿತ್ತು. ಇನ್ನೂ ಹತ್ತು ವರ್ಷ ಬದುಕಿದರೂ ಈ ಮುದುಕಿ ಅವನ ಹೆಸರು ಹೇಳಿ ತಂಬಿಗೆ ಎತ್ತುತ್ತಿದ್ದಳು. ಅದನ್ನು ನೆನೆದೇ ಅವನ ಕಾಲು ನಿಂತಿತು.

“ಅವ್ವಾ, ನಾನು ನೀರು ಬಿಡ್ಲಿಲ್ಲ.”

“ಏನಂದಿ?”

“ಕೇಳಿದ್ರು. ನಾನು ಕೊಡ್ಲಿಲ್ಲ.”

ದ್ವಾರಕಾನಾಥರು ತಮ್ಮ ಬೂಟು ನೋಡಿಕೊಂಡರು. ಪೂರ್ಣಿಮಾ ಜನರನ್ನು ಸರಿಸಿಕೊಂಡು ಮುಂದೆ ಬಂದಳು. “ಬಾಟ್ಲಿ ಇರಲಿಲ್ಲೇನ್ರಿ ನಿಮ್ಮ ಹತ್ರ?”

“ಇತ್ತು ಅಕ್ಕ. ತುಂಬಿತ್ತು.”

“ಮತ್ತ?”

“ಆಪರೇಷನ್ ಆಗ್ತದೆ ಅಂದ್ಕೊಂಡೆ. ಕೊಡ್ಬಾರ್ದು ಅಂತ ರೂಲ್ ಉಂಟು. ಬದುಕ್ತಾರೆ ಅಂದ್ಕೊಂಡೇ ಕೊಡ್ಲಿಲ್ಲ.”

“ನಾ ನಸುಕಿನ್ಯಾಗ ಎದ್ದು ನಿಮಗೂ ಸೇರಿಸಿ ರೊಟ್ಟಿ ಬಡಿದಿದ್ದೆ” ಎಂದಳು ಪೂರ್ಣಿಮಾ. ಆಮೇಲೆ ಅವನಿಗೆ ಬೆನ್ನು ಹಾಕಿ ನಿಂತಳು.

ನಿಂಗವ್ವ ಅಳಲಿಲ್ಲ, ಕೂಗಲಿಲ್ಲ. “ಎಷ್ಟ ಸಲ ಕೇಳಿದ?” ಎಂದಳು.

“ಮೂರು ಸಲ.”

“ಕಡೀಕ ಏನಂದ?”

ಕೆಲ್ವಿನ್‌ ಕೈಯಲ್ಲಿದ್ದ ಮಣ್ಣನ್ನು ಹುಲ್ಲಿನ ಹಾಸಿನ ಮೇಲೆ ಇಳಿಸಿದ. ಹಿಂದೆ ದೂರದ ಹೆದ್ದಾರಿಯಲ್ಲಿ ಲಾರಿಯೊಂದು ಗೇರು ಬದಲಿಸಿತು.

“ಅವ್ವಾ ಅಂದ್ರು. ಅವ್ವಾ, ನೀರ ಅಂದ್ರು.”

ನಿಂಗವ್ವ ಪೆಟ್ಟಿಗೆಯ ಕಡೆ ಗಾಲಿ ತಿರುಗಿಸಿದಳು. “ತಗೀರಿ ಅದನ್ನ.”

ಮೇಲ್ವಿಚಾರಕಿಗೆ ಮಾತು ತಿಳಿಯದಿದ್ದರೂ ಕೈ ತೋರಿಸಿದ್ದು ತಿಳಿಯಿತು. ಇಲ್ಲಿ, ಗುಂಡಿಯ ಮೇಲೆ, ಹಾಗೆಲ್ಲ ತೆರೆಯುವ ಕ್ರಮವಿಲ್ಲ ಎಂದಳು. ನಿಸರ್ಗ ಅವಳ ತೋಳು ಮುಟ್ಟಿ, “ಪ್ಲೀಸ್. ಶಿ ಈಸ್ ಹಿಸ್ ಮದರ್” ಎಂದಳು. ಮೇಲ್ವಿಚಾರಕಿ ಹಿಂಜರಿಯುತ್ತಲೇ ಬೀಗ ತಿರುಗಿಸಿ ಮುಚ್ಚಳದ ಅರ್ಧ ಎತ್ತಿದಳು. ಆಮೇಲೆ, ಪಕ್ಕದಲ್ಲೇ ಇದ್ದವನೆಂದು, ಕೆಲ್ವಿನ್‌ನ ಕಿವಿಯ ಹತ್ತಿರ ಹೇಳಿದಳು: ನೋಡಲು ಚೆನ್ನಾಗಿರಲಿ ಎಂದು ತುಟಿಗಳನ್ನು ಒಳಗಿನಿಂದ ದಾರ ಹಾಕಿ ಸೇರಿಸಿದ್ದೇವೆ, ಬಾಯಿ ತೆರೆಯುವುದಿಲ್ಲ, ದಯವಿಟ್ಟು ಅವರಿಗೆ ತಿಳಿಸಿ.

ಕೆಲ್ವಿನ್ ಯಾರಿಗೂ ತಿಳಿಸಲಿಲ್ಲ.

ವಿನಯ ಪೂಜೆಯ ಚಂಬನ್ನು ನಿಂಗವ್ವನ ಕೈಗೆ ಕೊಟ್ಟ. ಅಪ್ಪನನ್ನು ಕೇಳಲು ಅವನು ಫೋನ್ ತೆಗೆಯಲಿಲ್ಲ. ನಿಸರ್ಗ ಅಜ್ಜಿಯನ್ನು ಕಂಕುಳಲ್ಲಿ ಹಿಡಿದು ನಿಲ್ಲಿಸಿದಳು. ನಿಂಗವ್ವ ಬಾಗಿ, ಚಂಬಿನ ಅಂಚನ್ನು ಮಗನ ತುಟಿಗೆ ತಾಗಿಸಿ, ನಿಧಾನಕ್ಕೆ ಬಗ್ಗಿಸಿದಳು.

ನೀರು ಒಳಗೆ ಹೋಗಲಿಲ್ಲ. ತುಟಿಯ ಮೇಲೆ ಒಂದು ಗಳಿಗೆ ನಿಂತು, ಮುಖಕ್ಕೆ ಹಚ್ಚಿದ್ದ ವಿಭೂತಿಯನ್ನು ತೊಳೆದುಕೊಂಡು ಕೆನ್ನೆಗುಂಟ ಇಳಿದು, ಅರ್ಧ ಗಂಟೆ ಹೆಣಗಿ ತೊಡಿಸಿದ್ದ ಅಂಗಿಯ ಕಾಲರನ್ನು ನೆನೆಸಿತು.

“ಕುಡಿಯಪಾ” ಎಂದಳು ನಿಂಗವ್ವ. ಮತ್ತೆ ಬಿಟ್ಟಳು. ಮತ್ತೂ ಹೊರಗೇ ಹರಿಯಿತು.

ಆಗ ಅವಳು ಚಂಬನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯ ಎರಡು ಬೆರಳಿನಿಂದ ಮಗನ ಗಂಟಲನ್ನು ಮೇಲಿನಿಂದ ಕೆಳಕ್ಕೆ ಮೆತ್ತಗೆ ನೀವತೊಡಗಿದಳು, ಔಷಧ ಉಗುಳುವ ಕೂಸಿಗೆ ತಾಯಂದಿರು ನೀವುವ ಹಾಗೆ. ಬಿಡುವುದು, ನೀವುವುದು. ಚಂಬು ಬರಿದಾಗುವವರೆಗೂ ನೀವುತ್ತಲೇ ಇದ್ದಳು.